ಕುಡಿತ ಬಿಟ್ಟವರ ಕೂಟ

1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಅಮೆರಿಕದ ಆ್ಯಕ್ರನ್ ಊರಿಗೆ ಬಂದಿದ್ದ. ಬಂದ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಐದು ತಿಂಗಳಷ್ಟೇ ಆಗಿತ್ತು, ತಂಗಿದ್ದ ಹೋಟೆಲಿನಲ್ಲೇ ಬಾರ್ ಇತ್ತು. ಇನ್ನೇನು ಜಾರಿದೆ ಅನ್ನಿಸಿದಾಗ ಆತ ಊರಿನ ಪಾದ್ರಿಯೊಬ್ಬರಿಗೆ ಫೋನ್ ಮಾಡಿ, ಕುಡಿತದಿಂದ ಒದ್ದಾಡುತ್ತಿರುವ ಯಾರನ್ನಾದರೂ ತೋರಿಸಿ ಎಂದು ಕೇಳಿದ. ಅಲ್ಲಿಂದ ಹೊರಟ ಹುಡುಕಾಟ ಮರುದಿನ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರವರೆಗೆ ಮುಟ್ಟಿತು. ಕಾಲು ಗಂಟೆ ಮಾತ್ರ ಎಂದು ಬಂದ ವೈದ್ಯರು ಆರು ಗಂಟೆ ಕೂತರು. ಅವರು ಕೊನೆಯ ಬಾರಿ ಕುಡಿದ ಜೂನ್ 10ನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಅಂದರೆ ಎ.ಎ., ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ.

ಹೆಂಡತಿ ಅತ್ತು ಹೇಳಿದ್ದು, ಅಪ್ಪ ಗದರಿದ್ದು ಕುಡಿಯುವವನ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಅದೇ ಚರಂಡಿಯಲ್ಲಿ ಬಿದ್ದು ಎದ್ದವನ ಮಾತು ಇಳಿಯುತ್ತದೆ. ಎ.ಎ. ನಿಂತಿರುವುದು ಈ ಒಂದು ಅನುಭವದ ಮೇಲೆ. 1939ರಲ್ಲಿ ಸದಸ್ಯರು ‘ಬಿಗ್ ಬುಕ್’ ಎಂದು ಕರೆಯುವ ಪುಸ್ತಕ ಬಂತು, ಅದರೊಂದಿಗೆ ಹನ್ನೆರಡು ಮೆಟ್ಟಿಲುಗಳೂ ಬಂದವು. ಕುಡಿತದ ಮುಂದೆ ನನ್ನ ಆಟ ನಡೆಯದು ಎಂದು ಒಪ್ಪುವುದು ಮೊದಲನೆಯದು. ತಾನು ನೋಯಿಸಿದವರ ಪಟ್ಟಿ ಮಾಡಿ, ಅವರಿಗೆ ಮತ್ತೆ ಕೇಡಾಗದಂತೆ ತಪ್ಪು ಸರಿಪಡಿಸುವುದು ನಡುವಿನ ಕಷ್ಟದ ಮೆಟ್ಟಿಲು. ಕುಡಿಯುತ್ತಿರುವ ಇನ್ನೊಬ್ಬನಿಗೆ ಕೈ ಕೊಡುವುದು ಕೊನೆಯದು. ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ಅದು ಅವರವರು ಅರಿತಂಥ ದೇವರು. ಮೀಟಿಂಗ್ ಚರ್ಚಿನ ಕೋಣೆಯಲ್ಲಿ ನಡೆದರೂ ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ.

ಮೀಟಿಂಗ್ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆಯದು. ಒಬ್ಬೊಬ್ಬರೇ ತಮ್ಮ ಹೆಸರಷ್ಟೇ ಹೇಳಿ, ಹಿಂದೆ ಏನಾಗಿತ್ತು, ಈಗ ಹೇಗಿದ್ದೇನೆ ಎಂದು ‘ಶೇರ್’ ಮಾಡುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮಾತು ಬೇಡವೆಂದರೆ ಸುಮ್ಮನೆ ಕೇಳುತ್ತ ಕೂರಬಹುದು. ಜೀವಮಾನವಿಡೀ ಕುಡಿಯುವುದಿಲ್ಲವೆಂದು ಯಾರಿಂದಲೂ ಆಣೆ ಹಾಕಿಸುವುದಿಲ್ಲ. ಇವತ್ತೊಂದು ದಿನ ಮುಟ್ಟದಿದ್ದರೆ ಸಾಕು. ಶುಲ್ಕವಿಲ್ಲ. ಕೋಣೆಯ ಬಾಡಿಗೆ, ಚಹಾ ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನ ದೇಣಿಗೆ ಪಡೆಯುವುದಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ: ಕುಡಿತ ಬಿಡಬೇಕೆಂಬ ಆಸೆ. ಹಳಬರಲ್ಲೊಬ್ಬರು ‘ಸ್ಪಾನ್ಸರ್’ ಆಗಿ ಹೊಸಬನ ಜೊತೆ ನಿಲ್ಲುತ್ತಾರೆ. ಸಂಜೆ ಕೈ ಬಾಟಲಿಯತ್ತ ಹೋಗುವ ಮೊದಲು ಅವರಿಗೆ ಫೋನ್ ಹೋಗಬೇಕು.

ಗುಂಪು ಹುಡುಕುವುದು ಹೇಗೆ? ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಬಹುದು. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಗುಂಪಿನವರಿಗೆ ಫೋನ್ ಮಾಡಿದಾಗ ಮೂರು ಸಂಗತಿ ಕೇಳಿಕೊಳ್ಳಿ: ಯಾವ ದಿನ, ಯಾವ ಭಾಷೆ, ‘ಓಪನ್’ ಮೀಟಿಂಗೋ ‘ಕ್ಲೋಸ್ಡ್’ ಮೀಟಿಂಗೋ. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಕುಡಿತದ ತೊಂದರೆ ಇರುವವರಿಗೆ ಮಾತ್ರ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಅಂಥವರು ಮೊದಲು ಡಾಕ್ಟರನ್ನು ಕಾಣಬೇಕು. ಮೀಟಿಂಗ್ ಔಷಧಕ್ಕೆ ಬದಲಿಯಲ್ಲ. ಹಾಗೆಂದು ಅದನ್ನು ಬರೀ ಮಾತಿನ ಮಂಟಪ ಎನ್ನುವಂತಿಲ್ಲ. 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2020ರ ಪರಾಮರ್ಶೆಯಲ್ಲಿ, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಎ.ಎ. ದಾರಿಗೆ ಸೇರಿಸುವ ವ್ಯವಸ್ಥಿತ ಚಿಕಿತ್ಸೆ ಇತರ ಮನೋಚಿಕಿತ್ಸೆಗಳಿಗಿಂತ ಮುಂದಿತ್ತು.

ಕರ್ನಾಟಕದ ಹಳ್ಳಿಗಳಲ್ಲಿ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರದಲ್ಲಿ ಶಿಬಿರಾರ್ಥಿಗಳು ಎಂಟು ದಿನ ಒಟ್ಟಿಗೆ ಉಳಿಯುತ್ತಾರೆ. ಮುಗಿದ ಮೇಲೆ ‘ನವಜೀವನ ಸಮಿತಿ’ಯಲ್ಲಿ ಅವರ ಒಡನಾಟ ಮುಂದುವರಿಯುತ್ತದೆ. ಎ.ಎ.ಯಲ್ಲಿ ಹೆಸರು ಗುಟ್ಟಾಗಿ ಉಳಿದರೆ ಇಲ್ಲಿ ಊರಿನ ಮುಂದೆಯೇ ಬಿಟ್ಟೆ ಎನ್ನಬೇಕು. ಯಾರಾದರೂ ನೋಡಿಯಾರು ಎಂದು ಹೆದರುವವರಿಗೆ ಮೊದಲನೆಯದು, ಊರ ಕಣ್ಣೇ ಕಾವಲಾಗಲಿ ಎನ್ನುವವರಿಗೆ ಎರಡನೆಯದು ಹೊಂದೀತು.

ಮನೆಯವರು ಕುಡಿಯುವವನ ಮನಸ್ಸು ಬದಲಾಗಲೆಂದು ಕಾಯಬೇಕಿಲ್ಲ. ಬಿಲ್ ಅವರ ಹೆಂಡತಿ ಲೋಯಿಸ್ ಮೊದಲಾದವರು 1951ರಲ್ಲಿ ಕಟ್ಟಿದ ‘ಅಲ್-ಅನಾನ್’ ಇಂಥ ಹೆಂಡತಿ, ಗಂಡ, ತಾಯಿತಂದೆಗಳಿಗಾಗಿಯೇ ಇದೆ. ಬಾಟಲಿ ಬಚ್ಚಿಡುವುದು, ಆಫೀಸಿಗೆ ಸುಳ್ಳು ಹೇಳಿ ರಜೆ ಕೊಡಿಸುವುದು, ಸಾಲ ತೀರಿಸುವುದು ಹೇಗೆ ಕುಡಿತಕ್ಕೇ ಆಸರೆಯಾಗುತ್ತವೆ ಎಂಬುದನ್ನು ಅಲ್ಲಿ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಿ. ನಡುವೆ ಮತ್ತೆ ಕುಡಿದರೂ ಮೀಟಿಂಗ್ ಬಿಡಬೇಡಿ. ಅಲ್ಲಿ ಕೂತವರಲ್ಲಿ ಬಹಳ ಮಂದಿ ಹಾಗೆ ಬಿದ್ದು ವಾಪಸ್ ಬಂದವರೇ.