ಬಸ್ಸು ಬಂತೆಂದು ಕಿವಿಗೂ ತಿಳಿಯಲಿ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಈ ದಾರಿಯ ಬಸ್ಸುಗಳಲ್ಲಿ ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗಳು, ಚಿಗಟೇರಿ ಆಸ್ಪತ್ರೆಗೆ ಹೊರಟ ವೃದ್ಧರು, ಹರಿಹರೇಶ್ವರನ ದರ್ಶನಕ್ಕೆ ಹೋಗುವವರು, ಸಂತೆ ಮುಗಿಸಿ ಬರುವ ಹೆಂಗಸರು ಹೀಗೆ ಎಲ್ಲ ಬಗೆಯವರೂ ಇರುತ್ತಾರೆ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಪ್ರಶ್ನೆ ಎಲ್ಲರದೂ ಹೌದು. ಉತ್ತರ ಮಾತ್ರ ಎಲ್ಲರಿಗೂ ಒಂದೇ ರೀತಿಯಲ್ಲಿ ತಲುಪುವುದಿಲ್ಲ.

ಬಸ್ಸು ಎಲ್ಲಿದೆ ಎಂದು ಕಂಡುಹಿಡಿಯುವುದು ಈಗ ಕಷ್ಟದ ಕೆಲಸವಲ್ಲ. ಭೂಮಿಯಿಂದ ಸುಮಾರು 20,000 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ತಾವು ಸಂಕೇತ ಕಳುಹಿಸಿದ ವೇಳೆಯನ್ನೂ ಅದರೊಡನೆ ತಿಳಿಸುತ್ತವೆ. ಸಂಕೇತ ತಲುಪಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಹತ್ತನೇ ತರಗತಿಯ ಲೆಕ್ಕವೇ! ಆದರೆ ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವುದರಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಗಡಿಯಾರ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಸ್ಥಳ ಗುರುತಿಸಲು ಮೂರು ಉಪಗ್ರಹ ಸಾಕೆನಿಸಿದರೂ ನಾಲ್ಕನೆಯದು ಬೇಕಾಗುವುದು ಬಸ್ಸಿನ ಉಪಕರಣದ ಈ ಗಡಿಯಾರವನ್ನು ತಿದ್ದಲು. ಹೀಗೆ ಸಿಕ್ಕ ಸ್ಥಳವನ್ನು ಉಪಕರಣವು ಮೊಬೈಲ್ ಜಾಲದ ಮೂಲಕ ನಿಯಂತ್ರಣ ಕೊಠಡಿಗೆ ಕಳುಹಿಸುತ್ತದೆ. ಅಲ್ಲಿನ ಕಂಪ್ಯೂಟರು ಮುಂದಿನ ನಿಲ್ದಾಣದ ವೇಳೆಯನ್ನು ಅಂದಾಜು ಮಾಡುತ್ತದೆ.

ಮೈಸೂರಿನ ನಗರ ಸಾರಿಗೆಗೆ ಈ ವ್ಯವಸ್ಥೆ ಬಂದದ್ದು 2012ರಲ್ಲಿ. ದಾವಣಗೆರೆಯು 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ ಸೇರಿತು.

ನಿಲ್ದಾಣದ ಫಲಕದಲ್ಲಿ ಅಕ್ಷರ ಮೂಡಿದರೆ ಕಿವಿ ಕೇಳದವರಿಗೆ ದೊಡ್ಡ ಅನುಕೂಲ. ಕಣ್ಣು ಕಾಣದವರಿಗೆ ಅದು ಇದ್ದೂ ಇಲ್ಲದಂತೆ. ಮಹಿಳೆಯರ ಪ್ರಶ್ನೆ ಇನ್ನೊಂದು ಬಗೆಯದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತವಾಗಿರುವುದು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ. ಆದ್ದರಿಂದ ಬರುತ್ತಿರುವುದು ಸರ್ಕಾರಿ ಬಸ್ಸೋ ಖಾಸಗಿ ಬಸ್ಸೋ ಎಂಬುದೂ ಅವರಿಗೆ ಮೊದಲೇ ತಿಳಿಯಬೇಕು. ಟಿಕೆಟ್ಟಿನ ಚಿಂತೆ ಕಳೆದರೂ ಕಾಯುವ ಚಿಂತೆ ಕಳೆದಿಲ್ಲವಷ್ಟೆ.

ದೃಷ್ಟಿದೋಷವುಳ್ಳವರಿಗಾಗಿ ದೆಹಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡ ಉಪಾಯವೊಂದು 2025ರಲ್ಲಿ ‘ಧ್ವನಿ ಸ್ಪಂದನ’ ಎಂಬ ಹೆಸರಿನಲ್ಲಿ ಮೈಸೂರಿನ 200 ನಗರ ಬಸ್ಸುಗಳಿಗೆ ಬಂತು. ಪ್ರಯಾಣಿಕರ ಕೈಯಲ್ಲಿ ಒಂದು ಪುಟ್ಟ ಸಾಧನ. ಬಸ್ಸಿನ ಸದ್ದು ಕೇಳಿದೊಡನೆ ಗುಂಡಿ ಒತ್ತಿದರೆ ರೇಡಿಯೋ ಅಲೆಗಳ ಮೂಲಕ ಹತ್ತಿರದ ಬಸ್ಸಿನ ಮಾರ್ಗಸಂಖ್ಯೆ ಧ್ವನಿಯಾಗಿ ಬರುತ್ತದೆ. ತಮಗೆ ಬೇಕಾದ ಬಸ್ಸನ್ನು ಆರಿಸಿಕೊಂಡರೆ, ಅದರ ಬಾಗಿಲ ಬಳಿಯ ಸ್ಪೀಕರ್ ಸದ್ದು ಮಾಡಿ ಹತ್ತುವ ಜಾಗ ತೋರಿಸುತ್ತದೆ. ಯಾರ ತೋಳನ್ನೂ ಹಿಡಿಯಬೇಕಿಲ್ಲ.

ಹರಿಹರದ ದಾರಿಗೂ ಇದು ಬರಬೇಕು. ಆದರೆ ಇಲ್ಲಿ ಸರ್ಕಾರಿ ಬಸ್ಸುಗಳ ಜೊತೆಗೆ ಖಾಸಗಿಯವೂ ಓಡುತ್ತವೆ. ಒಂದು ಬಗೆಯ ಬಸ್ಸು ಮಾತನಾಡಿ, ಇನ್ನೊಂದು ಮೂಕವಾಗಿದ್ದರೆ ಕಾಯುವವರು ಎದುರಿಗೇ ನಿಂತ ಬಸ್ಸನ್ನು ತಪ್ಪಿಸಿಕೊಳ್ಳುತ್ತಾರೆ. ಪರವಾನಗಿ ನೀಡುವಾಗಲೇ ಈ ಉಪಕರಣವನ್ನು ಕಡ್ಡಾಯ ಮಾಡುವುದು ನೇರವಾದ ದಾರಿ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗ ಒಂದಿದೆ. ಪಿ.ಬಿ. ರಸ್ತೆಯ ಒಂದು ನಿಲ್ದಾಣದಲ್ಲಿ ವಾರವಿಡೀ ದಿನಕ್ಕೆ ಅರ್ಧ ಗಂಟೆ ನಿಂತು, “ಇದು ಹರಿಹರಕ್ಕೆ ಹೋಗುತ್ತಾ?” ಎಂದು ಪಕ್ಕದವರನ್ನು ಕೇಳುವವರೆಷ್ಟು ಮಂದಿ ಎಂದು ಎಣಿಸಿ, ಕೇಳಿದವರ ವಯಸ್ಸನ್ನೂ ಅಂದಾಜಿನಲ್ಲಿ ಬರೆದಿಡುವುದು. ವಿಜ್ಞಾನ ಮೇಳಕ್ಕೆ ಒಳ್ಳೆಯ ನಕ್ಷೆ ಸಿದ್ಧವಾದೀತು. ಅದರ ಒಂದು ಪ್ರತಿಯನ್ನು ಸಾರಿಗೆ ಕಚೇರಿಗೂ ಕೊಡಬಹುದು.