ಒಂದು ರಾತ್ರಿ, ಒಂದು ಹಾಯಿದೋಣಿ, ನಾನೊಬ್ಬನೇ



ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಬಳಿ ನಿಂತು ಶೇಂಗಾ ತಿನ್ನುತ್ತಾ, ಎದುರಿನ ನೀರಿನಲ್ಲಿ ಲಂಗರು ಹಾಕಿ ನಿಂತ ಪುಟ್ಟ ಹಾಯಿದೋಣಿಗಳನ್ನು ನೀವೆಲ್ಲ ನೋಡಿರುತ್ತೀರಿ. ‘ಅದೆಲ್ಲ ಶ್ರೀಮಂತರ ಆಟ’ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಗೆಳೆಯನೊಬ್ಬನ 22 ಅಡಿಯ ದೋಣಿಯಲ್ಲಿ ಮೂರು ವರ್ಷ ಹಗ್ಗ ಎಳೆದು, ಬೈಸಿಕೊಂಡು, ಕೈ ಕಲಿತೆ. ಕೊನೆಗೊಂದು ಜನವರಿಯ ಹುಣ್ಣಿಮೆಯಂದು ಒಬ್ಬನೇ ಮಾಂಡ್ವಾಕ್ಕೆ ಹೋಗಿ, ದೋಣಿಯಲ್ಲೇ ರಾತ್ರಿ ಕಳೆದು ಬಂದೆ. ಅದರ ಕಥೆಯನ್ನು ನಿಮಗೆ ಹೇಳಬೇಕು. ಸಾಹಸದ ಜಂಬಕ್ಕಾಗಿ ಅಲ್ಲ, ಅಂದು ನಾನು ಮಾಡಿದ ಎರಡು ತಪ್ಪುಗಳಿಗಾಗಿ.

ಒಬ್ಬನೇ ಕಡಲಿಗೆ ಹೋಗುವುದು ಹೊಸತೇನಲ್ಲ. ಜೋಶುವಾ ಸ್ಲೋಕಮ್ 1895ರಲ್ಲಿ ಬೋಸ್ಟನ್ನಿನಿಂದ ಹೊರಟು 1898ರಲ್ಲಿ ಭೂಪ್ರದಕ್ಷಿಣೆ ಮುಗಿಸಿದ. ನಮ್ಮ ನೌಕಾದಳದ ದಿಲೀಪ್ ದೋಂದೆ 2009-10ರಲ್ಲಿ ಇದೇ ಮುಂಬಯಿಯಿಂದ ಹೊರಟು, ದಾರಿಯಲ್ಲಿ ನಾಲ್ಕೇ ಬಂದರುಗಳಲ್ಲಿ ತಂಗಿ, ಒಬ್ಬರೇ ಹಾಯಿಯಲ್ಲಿ ಭೂಮಿ ಸುತ್ತಿ ಬಂದ ಮೊದಲ ಭಾರತೀಯರಾದರು. ಅಭಿಲಾಷ್ ಟೋಮಿ 2012ರ ನವೆಂಬರ್‌ನಲ್ಲಿ ಹೊರಟು, ಎಲ್ಲಿಯೂ ನಿಲ್ಲದೆ 2013ರ ಮಾರ್ಚ್ ಕೊನೆಗೆ ಮುಂಬಯಿಗೇ ಮರಳಿದರು. ಇಬ್ಬರನ್ನೂ ಹೊತ್ತದ್ದು 56 ಅಡಿಯ ಒಂದೇ ದೋಣಿ. ಅದರ ಹೆಸರು ಗೊತ್ತೇ? ‘ಮ್ಹಾದೆಯಿ’. ಬೆಳಗಾವಿ ಜಿಲ್ಲೆಯ ಭೀಮಗಡದ ಕಾಡಿನಲ್ಲಿ ಹುಟ್ಟಿ, ಗೋವೆಯಲ್ಲಿ ಮಾಂಡೋವಿಯಾಗಿ ಕಡಲು ಸೇರುವ ನಮ್ಮ ಮಹದಾಯಿಯ ಹೆಸರೇ ಅದು!

ಇನ್ನು ನನ್ನ ಕಥೆ. ಚಳಿಗಾಲದ ಮುಂಬಯಿಯಲ್ಲಿ ಮಧ್ಯಾಹ್ನದ ನಂತರ ವಾಯುವ್ಯದಿಂದ ಕಡಲ ಗಾಳಿ ಬೀಸುತ್ತದೆ. ಮಾಂಡ್ವಾದತ್ತ ಹೋಗುವವನಿಗೆ ಅದು ಹಿಂದಿನಿಂದ ಬೆನ್ನು ತಟ್ಟಿದಂತೆ. ಹಾಯಿ ಬಿಚ್ಚಿ ಚುಕ್ಕಾಣಿ ಹಿಡಿದು ಕುಳಿತರೆ ಸಾಕು. ಕೊಲಾಬಾದ ಕಟ್ಟಡಗಳು ಹಿಂದೆ ಸರಿದವು. ಪ್ರಾಂಗ್ಸ್ ದೀಪಸ್ತಂಭ ಬಲಕ್ಕೆ ಉಳಿಯಿತು. ಸಂಜೆ ಆರರ ಹೊತ್ತಿಗೆ ಮಾಂಡ್ವಾದ ದಡದಿಂದ ಸ್ವಲ್ಪ ದೂರದಲ್ಲಿ, ಮೂರು ಮೀಟರ್ ಆಳದ ನೀರಿನಲ್ಲಿ ಲಂಗರು ಇಳಿಸಿದೆ. ಆಳದ ಐದು ಪಟ್ಟು ಹಗ್ಗ ಬಿಡಬೇಕೆಂಬುದು ನಿಯಮ. ಲೆಕ್ಕದಂತೆ 15 ಮೀಟರ್ ಬಿಟ್ಟೆ. ಕೂವೆಮರಕ್ಕೆ ಬಿಳಿ ದೀಪ ಏರಿಸಿದೆ. ಬುತ್ತಿ ಬಿಚ್ಚಿ ಚಪಾತಿ-ಪಲ್ಯ ತಿಂದೆ. ತಿಂಗಳ ಬೆಳಕು ಹಾಲು ಚೆಲ್ಲಿದಂತಿತ್ತು. ಆ ಚಂದ್ರನೇ ನನಗೆ ಪಾಠ ಕಲಿಸಲಿದ್ದಾನೆಂದು ನನಗೇನು ಗೊತ್ತು!

ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಸೂರ್ಯ-ಚಂದ್ರರ ಸೆಳೆತ ಒಂದಾಗಿ ಉಬ್ಬರ ಜೋರಾಗುತ್ತದೆ. ಮುಂಬಯಿಯಲ್ಲಿ ಆಗ ನೀರು ನಾಲ್ಕು ಮೀಟರಿಗೂ ಹೆಚ್ಚು ಏರುವುದುಂಟು. ಅಂಥ ದಿನಗಳಲ್ಲಿ ಪೂರ್ಣ ಇಳಿತ ಸಂಜೆ ಆರರ ಸುಮಾರಿಗೆ, ಪೂರ್ಣ ಉಬ್ಬರ ನಡುರಾತ್ರಿಯ ಸುಮಾರಿಗೆ. ನಾನು ಲಂಗರು ಹಾಕಿದ್ದು ನೀರು ಅತಿ ಕಡಿಮೆ ಇದ್ದ ಹೊತ್ತಿನಲ್ಲಿ. ಮಧ್ಯರಾತ್ರಿಗೆ ಮೂರು ಮೀಟರ್ ಏಳಾಗಿತ್ತು. ಬೇಕಾದದ್ದು 35 ಮೀಟರ್ ಹಗ್ಗ, ನಾನು ಬಿಟ್ಟದ್ದು 15! ಹಗ್ಗ ಗಿಡ್ಡವಾದರೆ ಅದು ಲಂಗರನ್ನು ಮಲಗಿಸಿ ಎಳೆಯುವುದಿಲ್ಲ, ಮೇಲಕ್ಕೆ ಕೀಳುತ್ತದೆ.

ಒಂದು ಗಂಟೆಗೆ ಎಚ್ಚರವಾಯಿತು. ದೋಣಿಯ ಅಲುಗಾಟ ಬೇರೆಯಾಗಿತ್ತು. ಮಲಗುವ ಮುನ್ನ ಜೆಟ್ಟಿಯ ದೀಪವನ್ನೂ ಅದರ ಹಿಂದಿನ ಮತ್ತೊಂದು ದೀಪವನ್ನೂ ಒಂದೇ ಸಾಲಿನಲ್ಲಿ ಗುರುತು ಇಟ್ಟುಕೊಂಡಿದ್ದೆ. ಈಗ ಎರಡೂ ಬೇರೆ ಬೇರೆಯಾಗಿದ್ದವು. ಅಂದರೆ ದೋಣಿ ಜಾರುತ್ತಿದೆ! ರಾತ್ರಿಯ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ನೀರೂ ಇಳಿಯತೊಡಗಿತ್ತು. ಎರಡೂ ಸೇರಿ ನನ್ನನ್ನು ಹಡಗುಗಳ ಹಾದಿಯತ್ತ ಒಯ್ಯುತ್ತಿದ್ದವು. ದೂರದಲ್ಲಿ ಒಂದು ದೊಡ್ಡ ಹಡಗಿನ ಕೆಂಪು ದೀಪ, ಹಸಿರು ದೀಪ ಎರಡೂ ಒಟ್ಟಿಗೆ ಕಾಣುತ್ತಿದ್ದವು. ಎರಡೂ ಕಂಡರೆ ಅದು ನೇರ ನಿಮ್ಮತ್ತಲೇ ಬರುತ್ತಿದೆ ಎಂದರ್ಥ.

ಕೈ ನಡುಗುತ್ತಿತ್ತು. ಮೊಣಕಾಲೂರಿ ಮುಂದಕ್ಕೆ ಹೋಗಿ ಉಳಿದ ಹಗ್ಗವನ್ನೆಲ್ಲ ನಿಧಾನವಾಗಿ ಬಿಟ್ಟು ಕಟ್ಟಿದೆ. ಒಂದು ಬೆರಳನ್ನು ಹಗ್ಗದ ಮೇಲಿಟ್ಟು ಕಾದೆ. ಲಂಗರು ಕಲ್ಲು-ಕೆಸರಿನಲ್ಲಿ ಎಳೆದಾಡುವುದು ಬೆರಳಿಗೆ ತಿಳಿಯುತ್ತದೆ. ಎಷ್ಟೋ ಹೊತ್ತಿನ ಮೇಲೆ ಆ ಕಂಪನ ನಿಂತಿತು, ಲಂಗರು ಕಚ್ಚಿತು. ಹಡಗಿನ ಕೆಂಪು ದೀಪ ಮರೆಯಾಗಿ ಹಸಿರು ಮಾತ್ರ ಉಳಿಯಿತು. ಅದು ತಿರುವು ತೆಗೆದುಕೊಂಡು ನ್ಹಾವಾ ಶೇವಾದ ಕಡೆಗೆ ಸಾಗಿತು.

ಆಗ ನೆನಪಾದದ್ದು ಅಮ್ಮ. ‘ಗೆಳೆಯರ ಜೊತೆ ಅಲಿಬಾಗಿಗೆ ಹೋಗುತ್ತೇನೆ’ ಎಂದು ಅವಳಿಗೆ ಸುಳ್ಳು ಹೇಳಿದ್ದೆ. ಅದೇ ನನ್ನ ಎರಡನೆಯ ತಪ್ಪು. ಏನಾದರೂ ಆಗಿದ್ದರೆ ಅವಳು ನನ್ನನ್ನು ಹುಡುಕಿಸುತ್ತಿದ್ದುದು ನೆಲದ ಮೇಲೆ!

ಬೆಳಿಗ್ಗೆ ಪಕ್ಕದಲ್ಲಿ ಹಾದುಹೋದ ಕೋಳಿ ಮೀನುಗಾರನೊಬ್ಬ ಹಗ್ಗ ನೋಡಿ ‘ಕಿತೀ ದೋರಿ ಸೋಡ್ಲಿ?’ ಎಂದು ಕೇಳಿದ. ಹೇಳಿದೆ. ನಕ್ಕು, ಚಂದ್ರನಿದ್ದ ಕಡೆಗೆ ಕೈ ತೋರಿಸಿ ಹೋದ. ಅಷ್ಟೇ. ಏರತೊಡಗಿದ ನೀರು ನನ್ನನ್ನು ಬಂದರಿನೊಳಕ್ಕೆ ಕರೆತಂದಿತು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: ‘ಒಬ್ಬನೇ ಹೋದದ್ದಕ್ಕೆ ಸಿಟ್ಟಿಲ್ಲ ಮಗಾ, ಹೇಳದೆ ಹೋದದ್ದಕ್ಕೆ ಸಿಟ್ಟು. ನಿನ್ನ ಅಜ್ಜ ಮಲ್ಪೆಯಲ್ಲಿ ದೋಣಿ ನೂಕುವ ಮೊದಲು ಯಾವ ಕಡೆಗೆ, ಯಾವಾಗ ವಾಪಸು ಅಂತ ಅಜ್ಜಿಗೆ ಹೇಳದೆ ಒಂದು ದಿನವೂ ಹೋದವರಲ್ಲ.’

ಮಿತ್ರರೇ, ನಮ್ಮ ಕರಾವಳಿಯ ರಂಪಣಿ ಬಲೆಯನ್ನು ಎಳೆಯಲು ಹತ್ತಾರು ಕೈ ಬೇಕು. ಒಬ್ಬನೇ ಹೋಗುವವನಿಗೂ ದಡದಲ್ಲಿ ಕಾಯುವ ಒಬ್ಬರಾದರೂ ಬೇಕು. ನಿಮಗೆ ಆಸೆಯಿದ್ದರೆ ಮೊದಲು ಈಜು ಕಲಿಯಿರಿ. ಬಲ್ಲವರ ಜೊತೆ ಹಗಲಲ್ಲಿ ಪಳಗಿರಿ. ಮಳೆಗಾಲದಲ್ಲಿ ಆ ಮಾತೇ ಬೇಡ. ಲೈಫ್ ಜಾಕೆಟ್ ಕಳಚಬೇಡಿ. ಉಬ್ಬರ-ಇಳಿತದ ಪಟ್ಟಿ ನೋಡಿ, ಹಗ್ಗದ ಲೆಕ್ಕವನ್ನು ತುಂಬಿದ ನೀರಿಗೆ ಹಾಕಿ. ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ನಿಜ ಹೇಳಿ ಹೊರಡಿ.

ಮರುವರ್ಷ ನಾನು ಮತ್ತೆ ಹೋದೆ. ಬುತ್ತಿ ಕಟ್ಟಿಕೊಟ್ಟವಳು ಅಮ್ಮನೇ. ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಒಂದೇ: ‘ಹಗ್ಗ ಎಷ್ಟು ಇಟ್ಟುಕೊಂಡಿದ್ದಿ?’