ಬೆಂಕಿ ಬಿದ್ದಾಗ ತೋಡುವ ಬಾವಿ

2020ರ ಜುಲೈ ತಿಂಗಳ ಒಂದು ಸಂಜೆ. ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ವಿಮಾ ಏಜೆಂಟರೊಬ್ಬರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಮಾರು ದೂರ ಕುಳಿತು, ಎರಡು ಪಾಲಿಸಿಗಳ ವಿವರ ಹೇಳುತ್ತಿದ್ದರು. ಅಪ್ಪನಿಗೆ ಆಗ ಐವತ್ತೆಂಟು ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಲಾಕ್‌ಡೌನ್‌ನಿಂದಾಗಿ ಅವರ ಮುದ್ರಣಾಲಯಕ್ಕೆ ಲಗ್ನಪತ್ರಿಕೆಯ ಕೆಲಸವೂ ಬರುತ್ತಿರಲಿಲ್ಲ. ಒಂದು ಪಾಲಿಸಿಗೆ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಂತು. ಇನ್ನೊಂದಕ್ಕೆ ಅದರ ಕಾಲು ಭಾಗವೂ ಇಲ್ಲ. ‘ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತಾರಾ?’ ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದಳು.

ಆ ವರ್ಷ ಇದೇ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಎದ್ದಿತ್ತು. ಸಾಂಕ್ರಾಮಿಕ ಹಬ್ಬಿರುವಾಗ ಖಾಸಗಿ ಆರೋಗ್ಯ ವಿಮೆ ಕೊಳ್ಳುವುದು ಜಾಣತನವೇ, ದಂಡವೇ? ಉತ್ತರಕ್ಕೆ ಮೊದಲು ವಿಮೆಯೆಂದರೇನು ಎಂಬುದನ್ನು ನೋಡಬೇಕು.

ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆದುಕೊಳ್ಳುವ ಪದ್ಧತಿಯಿದೆ. ಮಂಟಪದ ಪಕ್ಕದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದು ಅದರಲ್ಲಿ ದಾಖಲಾಗುತ್ತದೆ. ನಾಳೆ ಅವರ ಮನೆಯಲ್ಲಿ ಶುಭಕಾರ್ಯವಾದಾಗ ಅಷ್ಟನ್ನೋ, ಸ್ವಲ್ಪ ಸೇರಿಸಿಯೋ ಹಿಂದಿರುಗಿಸುವುದು ಮರ್ಯಾದೆ. ಇದು ದಾನವಲ್ಲ, ಸಾಲವೂ ಅಲ್ಲ. ಒಬ್ಬನಿಗೆ ಒಮ್ಮೆಲೇ ಬರುವ ಭಾರವನ್ನು ಹತ್ತು ಮನೆಗಳು ಹಂಚಿಕೊಳ್ಳುವ ಉಪಾಯ. ವಿಮೆಯ ತಿರುಳೂ ಇಷ್ಟೇ. ಆದರೆ ಮುಯ್ಯಿ ನಡೆಯುವುದಕ್ಕೆ ಒಂದು ಷರತ್ತಿದೆ: ಎಲ್ಲರ ಮನೆಯಲ್ಲೂ ಒಂದೇ ದಿನ ಮದುವೆ ಇರಕೂಡದು. ಸಾಂಕ್ರಾಮಿಕವೆಂದರೆ ಎಲ್ಲರ ಮನೆಯಲ್ಲೂ ಒಂದೇ ದಿನ ಮದುವೆ ಇದ್ದಂತೆ.

ಈ ಉಪಾಯ ಕಾಯಿದೆಯ ರೂಪ ಪಡೆದದ್ದು ಜರ್ಮನಿಯಲ್ಲಿ. 1883ರಲ್ಲಿ ಬಿಸ್ಮಾರ್ಕ್ ಸರ್ಕಾರ ಕಾರ್ಮಿಕರಿಗೆ ಕಡ್ಡಾಯ ಅನಾರೋಗ್ಯ ವಿಮೆಯನ್ನು ತಂದಿತು. ನಮ್ಮ ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ವಿಮೆ ಆರಂಭಿಸಿತ್ತಾದರೂ ಅದು ಜೀವ ವಿಮೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡ ಜನರಿಗೆ ಆಸ್ಪತ್ರೆಯ ಬಿಲ್ ಎಂಬ ಚಿಂತೆ ಇರಲಿಲ್ಲ. ಇದ್ದದ್ದು ಪ್ರಾಣದ ಚಿಂತೆ. ಸ್ವಾತಂತ್ರ್ಯಾನಂತರ 1952ರಲ್ಲಿ ಕಾರ್ಮಿಕರಿಗೆ ಇಎಸ್‌ಐ ಯೋಜನೆ ಜಾರಿಗೆ ಬಂತು. ಸಾಮಾನ್ಯ ಜನ ಹಣ ಕೊಟ್ಟು ಕೊಳ್ಳಬಹುದಾದ ‘ಮೆಡಿಕ್ಲೈಮ್’ ಬಂದದ್ದು 1986ರಲ್ಲಿ, ಸರ್ಕಾರಿ ವಿಮಾ ಕಂಪನಿಗಳ ಮೂಲಕ. ಖಾಸಗಿ ಕಂಪನಿಗಳು ಕಾಲಿಟ್ಟದ್ದು 2000ದ ನಂತರ.

ಕಂಪನಿಯ ಲೆಕ್ಕ ಹೇಗಿರುತ್ತದೆ? ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಸಾವಿರ ಕುಟುಂಬಗಳು ತಲಾ 10,000 ರೂಪಾಯಿ ಕಟ್ಟಿದರೆ ಒಂದು ಕೋಟಿ ಕೂಡುತ್ತದೆ. ವರ್ಷದಲ್ಲಿ ನಲವತ್ತು ಕುಟುಂಬಗಳಿಗೆ ತಲಾ ಎರಡು ಲಕ್ಷ ಖರ್ಚಾದರೆ ಎಂಬತ್ತು ಲಕ್ಷ ಹೊರಹೋಗುತ್ತದೆ. ಉಳಿದದ್ದು ಕಚೇರಿ ಖರ್ಚಿಗೆ ಮತ್ತು ಲಾಭಕ್ಕೆ. ಅಂದರೆ ಹೆಚ್ಚಿನ ಕುಟುಂಬಗಳಿಗೆ ಕಟ್ಟಿದ ಹಣ ಮರಳುವುದೇ ಇಲ್ಲ. ‘ಕಟ್ಟಿದ್ದೆಲ್ಲ ದಂಡ’ ಎಂದು ಕೊರಗುವವರು ಈ ಮಾತನ್ನು ಗಮನಿಸಬೇಕು. ಹಣ ಮರಳದಿದ್ದವರು ಆ ವರ್ಷ ಅದೃಷ್ಟವಂತರು.

ರೋಗ ಬಾಗಿಲಿಗೆ ಬಂದಾಗಲೇ ಎಲ್ಲರೂ ಪಾಲಿಸಿ ಕೊಳ್ಳತೊಡಗಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದಲೇ ಕಂಪನಿಗಳು ನಿರೀಕ್ಷಣಾ ಅವಧಿ ಎಂಬ ಬೇಲಿ ಹಾಕಿವೆ. ಸಾಮಾನ್ಯ ಪಾಲಿಸಿಯಲ್ಲಿ ಅಪಘಾತ ಬಿಟ್ಟರೆ ಮೊದಲ 30 ದಿನ ಯಾವ ಕಾಯಿಲೆಗೂ ಹಣ ಸಿಗದು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಮೊದಲೇ ಇದ್ದ ಕಾಯಿಲೆಗಳಿಗೆ 2020ರಲ್ಲಿ ನಾಲ್ಕು ವರ್ಷದವರೆಗೆ ಕಾಯಿಸಬಹುದಿತ್ತು. 2024ರಲ್ಲಿ ಈ ಮಿತಿಯನ್ನು ಮೂರು ವರ್ಷಕ್ಕೆ ಇಳಿಸಲಾಗಿದೆ.

ಈಗ ಏಜೆಂಟರ ಎರಡು ಪಾಲಿಸಿಗಳಿಗೆ ಬರೋಣ. ಆಸ್ಪತ್ರೆ ವೆಚ್ಚ ಭರಿಸುವ ಪಾಲಿಸಿಗಳು ಕೊರೊನಾಕ್ಕೂ ಅನ್ವಯಿಸುವಂತೆ ನೋಡಿಕೊಳ್ಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಮಾರ್ಚ್‌ನಲ್ಲೇ ಕಂಪನಿಗಳಿಗೆ ತಿಳಿಸಿತ್ತು. ಏಪ್ರಿಲ್‌ನಿಂದ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪದ ಸಾಮಾನ್ಯ ಪಾಲಿಸಿ ಬಂತು. ಜುಲೈನಲ್ಲಿ ಬಂದದ್ದು ‘ಕೊರೊನಾ ಕವಚ’. ಅವಧಿ ಮೂರೂವರೆ, ಆರೂವರೆ ಅಥವಾ ಒಂಬತ್ತೂವರೆ ತಿಂಗಳು. ಮೊತ್ತ 50,000ದಿಂದ 5 ಲಕ್ಷ ರೂಪಾಯಿವರೆಗೆ. ಕಾಯುವುದು 15 ದಿನ ಮಾತ್ರ. ಪಿಪಿಇ ಕಿಟ್, ಕೈಗವಸುಗಳ ಖರ್ಚೂ ಸೇರಿತ್ತು. ಕೊರೊನಾ ಬಿಟ್ಟು ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದರೆ ಮಾತ್ರ ಕಾಸೂ ಇಲ್ಲ. ಅಪ್ಪ ಮೂರೂವರೆ ತಿಂಗಳ ಕವಚವನ್ನೇ ಆರಿಸಿಕೊಂಡರು.

ಹಾಗಾದರೆ ಇಂಥ ಸಮಯದಲ್ಲಿ ನಿರ್ಧರಿಸುವುದು ಹೇಗೆ? ಮೊದಲು, ಈಗಾಗಲೇ ಕೈಯಲ್ಲಿ ಏನಿದೆಯೆಂದು ನೋಡಬೇಕು. ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹಳೆಯ ಕಾಯಿಲೆಗೂ ಕಾಯಬೇಕಿಲ್ಲ. ಅಂಥವರು ಸಾಲ ಮಾಡಿ ಖಾಸಗಿ ಪಾಲಿಸಿ ಕೊಳ್ಳುವ ಮುನ್ನ ಎರಡು ಸಲ ಯೋಚಿಸಬಹುದು. ನೌಕರಿ ಕೊಟ್ಟ ಕಂಪನಿಯೇ ವಿಮೆ ಮಾಡಿಸಿದೆ ಎಂದು ನಿಶ್ಚಿಂತರಾಗಿರುವವರಿಗೂ ಒಂದು ಮಾತು. ನೌಕರಿ ಹೋದ ದಿನ ಆ ವಿಮೆಯೂ ಹೋಗುತ್ತದೆ. ಸಾಂಕ್ರಾಮಿಕದಲ್ಲಿ ಎರಡೂ ಒಟ್ಟಿಗೆ ಹೋಗುವ ಸಂಭವವೇ ಹೆಚ್ಚು.

ಎರಡನೆಯದು, ಬಿಲ್ ಬಂದರೆ ತಡೆದುಕೊಳ್ಳುವ ಶಕ್ತಿ ನಮಗಿದೆಯೇ ಎಂಬುದು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಕೊರೊನಾ ದರಕ್ಕೆ ಮಿತಿ ಹಾಕಿತು. ಕೈಯಿಂದ ಹಣ ಕಟ್ಟುವವರಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 10,000 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯುವಿನಲ್ಲಿ 25,000. ಮಿತಿ ಹಾಕಿದ ಮೇಲೂ ವೆಂಟಿಲೇಟರ್‌ನಲ್ಲಿ ಹತ್ತು ದಿನವೆಂದರೆ ಎರಡೂವರೆ ಲಕ್ಷ. ಅದನ್ನು ಉಳಿತಾಯದಿಂದ ಕೊಡಬಲ್ಲವರಿಗೆ ವಿಮೆ ಅನುಕೂಲ. ಮನೆ ಅಡವಿಡಬೇಕಾದವರಿಗೆ ಅದು ಅಗತ್ಯ.

ಮೂರನೆಯದು, ಪಾಲಿಸಿ ಬೇಕಾಗಿರುವುದು ರೋಗಕ್ಕೋ, ಮನುಷ್ಯನಿಗೋ? ರೋಗ ಬಂದು ಹೋಗುತ್ತದೆ, ಮನುಷ್ಯನಿಗೆ ವಯಸ್ಸಾಗುತ್ತಲೇ ಇರುತ್ತದೆ. ನಿರೀಕ್ಷಣಾ ಅವಧಿಯ ಗಡಿಯಾರ ಓಡತೊಡಗುವುದು ಪಾಲಿಸಿ ಕೊಂಡ ದಿನದಿಂದ. ಸಾಂಕ್ರಾಮಿಕದ ಭಯದಿಂದ ಕೊಂಡ ಸಾಮಾನ್ಯ ಪಾಲಿಸಿಯೂ ಮುಂದೆ ಹೃದಯ, ಮೂತ್ರಪಿಂಡಗಳ ತೊಂದರೆಗೆ ಒದಗುತ್ತದೆ.

ಕೊಳ್ಳುವುದೆಂದು ತೀರ್ಮಾನಿಸಿದವರು ಎರಡು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ಅರ್ಜಿಯಲ್ಲಿ ಇರುವ ಕಾಯಿಲೆಯನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಬೇಕಾದ ಹೊತ್ತಿನಲ್ಲೇ ಕ್ಲೇಮು ತಿರಸ್ಕೃತವಾದೀತು. ಕೊಠಡಿ ಬಾಡಿಗೆಯ ಮಿತಿಯನ್ನೂ ಓದಿಕೊಳ್ಳಬೇಕು. ದಿನಕ್ಕೆ 5,000 ರೂಪಾಯಿ ಮಿತಿಯ ಪಾಲಿಸಿ ಇಟ್ಟುಕೊಂಡು 10,000ದ ಕೊಠಡಿ ಹಿಡಿದರೆ, ಕೆಲವು ಪಾಲಿಸಿಗಳಲ್ಲಿ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕದಲ್ಲೂ ಅರ್ಧ ಕಡಿತವಾಗುತ್ತದೆ. ಪಾಲಿಸಿ ಕೈಸೇರಿದ ಮೇಲೂ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಈಗ 30 ದಿನ ಕಾಲಾವಕಾಶವಿದೆ. ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿರುವುದು ಕೊಳ್ಳುವವರಿಗೆ ಸ್ವಲ್ಪ ಸಮಾಧಾನ.

ವಿಮೆ ಮಾಡಲಾಗದ್ದೂ ಒಂದಿದೆ. ಅದು ಬಿಲ್ ಕಟ್ಟಬಲ್ಲದು, ಇಲ್ಲದ ಹಾಸಿಗೆಯನ್ನು ಸೃಷ್ಟಿಸಲಾರದು. 2021ರ ಏಪ್ರಿಲ್, ಮೇ ತಿಂಗಳಲ್ಲಿ ದೊಡ್ಡ ಮೊತ್ತದ ಪಾಲಿಸಿ ಇದ್ದವರೂ ಆಮ್ಲಜನಕಕ್ಕಾಗಿ ಊರೆಲ್ಲ ಅಲೆದರು. ಸರ್ಕಾರಿ ಆಸ್ಪತ್ರೆಗಳು ಗಟ್ಟಿಯಾಗದೆ ಯಾವ ವಿಮೆಯೂ ಪೂರ್ಣವಲ್ಲ.

ನಮ್ಮ ಮನೆಯ ಕಥೆ ಮುಗಿಸುತ್ತೇನೆ. ಅಪ್ಪನ ಕವಚ ಬಳಕೆಯಾಗದೆ 2020ರ ನವೆಂಬರ್ ಹೊತ್ತಿಗೆ ಮುಗಿಯಿತು. ನವೀಕರಿಸಲು ಅವಕಾಶವಿತ್ತು. ಆದರೆ ರೋಗ ಇಳಿಮುಖವಾಗಿತ್ತು, ಮುದ್ರಣಾಲಯಕ್ಕೆ ಕಾಗದ ತರಿಸಬೇಕಿತ್ತು. ಮರುವರ್ಷದ ಮೇ ತಿಂಗಳಲ್ಲಿ ಅವರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಉಸಿರು ಉಳಿಯಿತು. ಬಿಲ್ ಕಟ್ಟಲು ಎರಡು ಮುದ್ರಣ ಯಂತ್ರಗಳಲ್ಲಿ ಒಂದನ್ನು ಮಾರಿದೆವು. ಅಂದು ಜಗಲಿಯಲ್ಲಿ ಸಾಮಾನ್ಯ ಪಾಲಿಸಿಗೆ ಸಹಿ ಹಾಕಿ ಕಂತು ಕಟ್ಟುತ್ತ ಬಂದಿದ್ದರೆ ಕೊರೊನಾಕ್ಕೆ 30 ದಿನ ಕಾದರೆ ಸಾಕಿತ್ತು. ಸಕ್ಕರೆ ಕಾಯಿಲೆಯ ನಾಲ್ಕು ವರ್ಷದ ಗಡುವೂ 2024ರ ಜುಲೈಗೆ ಮುಗಿದಿರುತ್ತಿತ್ತು. ಅವರು ಅದನ್ನು ಕೊಂಡದ್ದು 2022ರಲ್ಲಿ, ಅರವತ್ತು ತುಂಬಿದ ಮೇಲೆ, ಹೆಚ್ಚಿನ ಕಂತಿಗೆ.

ಅಮ್ಮನ ಗಾದೆ ಸುಳ್ಳಲ್ಲ. ಬೆಂಕಿ ಬಿದ್ದಾಗ ತೋಡಿದ ಬಾವಿ ಆ ಬೆಂಕಿಗೆ ಒದಗದೆ ಹೋಗಬಹುದು. ಆದರೆ ನಾವು ಮಾಡಿದ ತಪ್ಪು ಬಾವಿ ತೋಡಿದ್ದಲ್ಲ. ಹೊಗೆ ಕಡಿಮೆಯಾಯಿತೆಂದು ನೀರು ಸಿಗುವ ಮೊದಲೇ ಗುದ್ದಲಿ ಕೆಳಗಿಟ್ಟದ್ದು.